ಅಟ್ಟದ ಮೇಲಿನ ಆಟಿಕೆ, ಬಿಡಿಬಿಡಿಯಾಗಿ ಮಾರಿದ ಸಿಂಹಾಸನ

(ಇದು ಈ ವಾರದ ಪಾಡ್‌ಕಾಸ್ಟ್‌ನ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇವೆ.)

ಇವತ್ತು ಆಟಿಕೆ ವಿಷಯ. ಆಟ ಆಡೋ ಆಟಿಕೆ ಅಲ್ಲ, ಆಡದೇ ಇಟ್ಟ ಆಟಿಕೆ.

2008ರಲ್ಲಿ ಡೆನ್ಮಾರ್ಕಿನ ಲೆಗೋ ಕಂಪನಿ ಒಂದು ತಾಜ್ ಮಹಲ್ ಮಾಡಿತು. 5,922 ತುಂಡುಗಳ ಸೆಟ್, ಡಬ್ಬದ ಮೇಲೆ 10189 ಅಂತ ನಂಬರ್. ಅಮೆರಿಕದಲ್ಲಿ ಬೆಲೆ ಸುಮಾರು 300 ಡಾಲರ್, ಆಗಿನ ಲೆಕ್ಕದಲ್ಲಿ 12–13 ಸಾವಿರ ರೂಪಾಯಿ. ಎರಡು ವರ್ಷಕ್ಕೆ ಕಂಪನಿ ಅದನ್ನು ತಯಾರಿಸೋದು ನಿಲ್ಲಿಸಿತು. ಅಲ್ಲಿಂದ ಶುರುವಾಯ್ತು ನೋಡಿ ಆಟ. ಬಿಚ್ಚದ ಡಬ್ಬ ಆನ್‌ಲೈನ್ ಹರಾಜಿನಲ್ಲಿ ಏರ್ತಾ ಏರ್ತಾ ಸಾವಿರಾರು ಡಾಲರ್ ಮುಟ್ಟಿತು. ಒಳಗಿರೋದು ಅದೇ ಪ್ಲಾಸ್ಟಿಕ್. ಒಂದು ತುಂಡೂ ಹೆಚ್ಚಾಗಿಲ್ಲ. ಹಾಗಾದ್ರೆ ಆ ಬೆಲೆ ಎಲ್ಲಿಂದ ಬಂತು?

‘ಲೆಗೋದಲ್ಲಿ ದುಡ್ಡು ಹಾಕಬಹುದಾ, ಚಿನ್ನಕ್ಕಿಂತ ಚೆನ್ನಾಗಿ ಬೆಳೆಯುತ್ತಂತಲ್ಲ’ ಅಂತ ಕೇಳೋ ಹುಡುಗರು ಈಗ ನನಗೆ ಬೆಂಗಳೂರಿನಲ್ಲೂ ಸಿಗ್ತಾರೆ, ಮಂಡ್ಯದಲ್ಲೂ ಸಿಗ್ತಾರೆ. ಇದಕ್ಕೆ ಉತ್ತರ ಹುಡುಕಲು ಡೆನ್ಮಾರ್ಕಿಗೆ ಹೋಗೋಣ, ಆದ್ರೆ ಮೊದಲು ನಮ್ಮ ಕಡೆಗೆ ಬಂದು ಹೋಗೋಣ.

ನಾನು ಬಿಂಡಿಗನವಿಲೆಯವನು. ಮಂಡ್ಯ ಜಿಲ್ಲೆ, ನಾಗಮಂಗಲ ತಾಲ್ಲೂಕು. ಗರುಡ ದೇವರಿಗೆ ಹೆಸರಾದ ಊರು. ಇಲ್ಲಿಂದ ಎಂದೋ ಹೊರಟು ಹೋದ ಮನೆತನಗಳು ಬೆಂಗಳೂರಿನಲ್ಲೂ ಅಮೆರಿಕದಲ್ಲೂ ಹೆಸರಿನ ಮುಂದೆ ‘ಬಿ’ ಅಂತ ಇನಿಷಿಯಲ್ ಇಟ್ಟುಕೊಂಡು ಇನ್ನೂ ಈ ಊರನ್ನು ಹೊತ್ತು ತಿರುಗುತ್ತಿವೆ. ಆ ‘ಬಿ’ಯನ್ನು ಸ್ವಲ್ಪ ನೆನಪಲ್ಲಿಡಿ, ಆಮೇಲೆ ಕೆಲಸಕ್ಕೆ ಬರುತ್ತೆ.

ನಮ್ಮ ಸೀಮೆಯವರಿಗೆ ಹರಾಜು ಹೊಸದಲ್ಲ, ಆನ್‌ಲೈನ್ ಹರಾಜೂ ಹೊಸದಲ್ಲ. ರೇಷ್ಮೆ ಗೂಡು ರಾಮನಗರದ ಮಾರುಕಟ್ಟೆಗೆ ಹೋದರೆ ಅಲ್ಲಿ ರೀಲರ್‌ಗಳು ಈಗ ಮೊಬೈಲ್‌ನಲ್ಲೇ ಬಿಡ್ ಹಾಕ್ತಾರೆ. ಕೊಬ್ಬರಿ ತಿಪಟೂರಿನ ಮಾರುಕಟ್ಟೆಗೆ ಹೋದರೆ ಅಲ್ಲೂ ಕಂಪ್ಯೂಟರ್ ಟೆಂಡರ್. ಆದ್ರೆ ಈ ಎರಡಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಗೂಡು ಕಾಯಲ್ಲ. ನಾಲ್ಕು ದಿನ ತಡ ಮಾಡಿದ್ರೆ ಒಳಗಿನ ಹುಳು ಚಿಟ್ಟೆಯಾಗಿ ಗೂಡು ಕೊರೆದುಕೊಂಡು ಹೊರಗೆ ಬರುತ್ತೆ, ನೂಲು ಕತ್ತರಿಸಿ ಹೋಗುತ್ತೆ. ಹಾಗಾಗಿ ರೈತ ಅವತ್ತಿನ ರೇಟಿಗೆ ತಲೆ ಬಾಗಿಸಲೇಬೇಕು. ಕೊಬ್ಬರಿ ಕಾಯುತ್ತೆ. ಕಾಯೋದೇ ಅದರ ಕಸುಬು. ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿ ಎಂಟು, ಹತ್ತು, ಹನ್ನೊಂದು ತಿಂಗಳು ಬಿಡ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟು, ಅಲ್ಲಾಡಿಸಿದ್ರೆ ಗಡಗಡ ಅನ್ನಬೇಕು. ಆಗ ಅದು ಉಂಡೆ ಕೊಬ್ಬರಿ. ಹಸಿ ಕಾಯಿಗಿಂತ ಬೇರೆಯದೇ ಬೆಲೆ. ರೇಟು ಬಿದ್ದಿದ್ರೆ ಇನ್ನೊಂದು ತಿಂಗಳು ಇಟ್ಟುಕೊಳ್ಳಬಹುದು. ಆದ್ರೆ ಇಲಿ ಉಂಟು, ಬೂಸ್ಟು ಉಂಟು, ಮಗಳ ಮದುವೆ ಉಂಟು. ಕಾಯೋಕೆ ಅಟ್ಟ ಒಂದಿದ್ರೆ ಸಾಲದು, ಅಷ್ಟು ದಿನ ಆ ದುಡ್ಡಿಲ್ಲದೆ ಬದುಕೋ ಶಕ್ತಿಯೂ ಬೇಕು.

ಲೆಗೋ ಡಬ್ಬ ಇಟ್ಟುಕೊಂಡು ಕಾಯೋದು ಅಂದ್ರೆ ಇದೇ ಉಂಡೆ ಕೊಬ್ಬರಿ ವ್ಯಾಪಾರ ಕಣ್ರೀ. ಒಂದೇ ವ್ಯತ್ಯಾಸ ಏನಪ್ಪಾ ಅಂದ್ರೆ, ಕೊಬ್ಬರಿಗೆ ಸರ್ಕಾರದ ಬೆಂಬಲ ಬೆಲೆ ಇದೆ. 2024ರ ಹಂಗಾಮಿಗೆ ಉಂಡೆ ಕೊಬ್ಬರಿ ಕ್ವಿಂಟಲ್‌ಗೆ 12,000 ರೂಪಾಯಿ ಅಂತ ಕೇಂದ್ರ ಘೋಷಿಸಿತ್ತು. ಬೊಂಬೆ ಡಬ್ಬಕ್ಕೆ ಅಂಥ ಗ್ಯಾರಂಟಿ ಯಾರೂ ಕೊಡಲ್ಲ.

ಈಗ ಬಿಂಡಿಗನವಿಲೆಯಿಂದ ದಕ್ಷಿಣಕ್ಕೆ, ಪಾಂಡವಪುರ ದಾಟಿ ಶ್ರೀರಂಗಪಟ್ಟಣಕ್ಕೆ ಬನ್ನಿ. ವರ್ಷ 1799. ನಮ್ಮ ಜಿಲ್ಲೆಯ ಇತಿಹಾಸದ ಅತಿ ದೊಡ್ಡ ಹರಾಜು ನಡೆದದ್ದು ಆಗಲೇ. ಆಟಿಕೆ ಕತೆಗೂ ಟಿಪ್ಪು ಕತೆಗೂ ಏನಪ್ಪಾ ಸಂಬಂಧ ಅಂತೀರಾ? ಸ್ವಲ್ಪ ತಾಳಿ.

ಮೇ 4ರಂದು ಕೋಟೆ ಬಿತ್ತು, ಟಿಪ್ಪು ಸತ್ತ. ಆ ರಾತ್ರಿ ಪಟ್ಟಣದಲ್ಲಿ ಲೂಟಿಯಾಗದ ಮನೆ ಸಿಗೋದೇ ಕಷ್ಟವಾಗಿತ್ತು ಅಂತ ಬರೆದವನು ಬೇರೆ ಯಾರೂ ಅಲ್ಲ, ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಆದ ಆರ್ಥರ್ ವೆಲ್ಲೆಸ್ಲಿಯೇ. ಸೈನಿಕರು ಒಡವೆಗಳನ್ನು, ಚಿನ್ನದ ಗಟ್ಟಿಗಳನ್ನು ದಂಡಿನ ಬಜಾರಿನಲ್ಲಿ ಇಟ್ಟು ಮಾರುತ್ತಿದ್ದ ಸಂಗತಿಯನ್ನೂ ಅವನು ಬರೆದಿದ್ದಾನೆ. ಒಬ್ಬ ಸಿಪಾಯಿ ವಜ್ರದ ಕಡಗಗಳನ್ನು ದಂಡಿನ ಡಾಕ್ಟರಿಗೆ ಚಿಲ್ಲರೆ ಕಾಸಿಗೆ ಮಾರಿದ, ಆಮೇಲೆ ನೋಡಿದ್ರೆ ಅದು ದೊಡ್ಡ ಆಸ್ತಿಯಾಗಿತ್ತು ಅನ್ನೋ ಕತೆ ಬ್ರಿಟಿಷರ ಬರಹಗಳಲ್ಲಿ ಬರುತ್ತೆ. ಕೊಟ್ಟವನಿಗೆ ಗೊತ್ತಿಲ್ಲ, ಕೊಂಡವನಿಗೆ ಗೊತ್ತು. ಹಳೆ ಸಾಮಾನಿನ ವ್ಯಾಪಾರದ ಮೊದಲ ಲಾಭ ಬರೋದು ಈ ಸಂದಿಯಲ್ಲೇ. ಇವತ್ತು ಮನೆ ಖಾಲಿ ಮಾಡೋರ ಹತ್ತಿರ ‘ಹಳೆ ಬೊಂಬೆ ಒಂದು ಚೀಲ’ ಅಂತ ಕೊಂಡು, ಅದರಲ್ಲಿರೋ ಒಂದೇ ಒಂದು ತುಂಡಿನಿಂದ ಹಾಕಿದ ದುಡ್ಡೆಲ್ಲ ವಾಪಸ್ ತೆಗೆಯೋರು ಮಾಡ್ತಿರೋದೂ ಅದನ್ನೇ.

ಲೂಟಿ ನಿಂತ ಮೇಲೆ ಲೆಕ್ಕಾಚಾರ. ಸೈನ್ಯಕ್ಕೆ ಸಿಕ್ಕ ಸಂಪತ್ತನ್ನು ದರ್ಜೆ ಪ್ರಕಾರ ಹಂಚೋದಕ್ಕೆ ‘ಪ್ರೈಜ್ ಏಜೆಂಟ್’ ಅಂತ ಅಧಿಕಾರಿಗಳಿದ್ದರು. ಜನರಲ್‌ಗೆ ಇಷ್ಟು, ಸಿಪಾಯಿಗೆ ಇಷ್ಟು. ಹಂಚಬೇಕಾದ್ರೆ ಎಲ್ಲವೂ ನಗದಾಗಬೇಕು. ಅವರ ಮುಂದೆ ಟಿಪ್ಪುವಿನ ಸಿಂಹಾಸನ ಇತ್ತು. ಎಂಟು ಮೂಲೆಯ ವೇದಿಕೆ, ಮರದ ಮೇಲೆ ಚಿನ್ನದ ತಗಡು, ಕೆಳಗೆ ದೊಡ್ಡ ಹುಲಿ, ಮೇಲೆ ಕೊಡೆ, ಕೊಡೆಯ ಮೇಲೆ ರತ್ನ ಕೂರಿಸಿದ ಹುಮಾ ಪಕ್ಷಿ, ಸುತ್ತಲಿನ ಕಟಕಟೆಯ ಮೇಲೆ ಪುಟ್ಟ ಪುಟ್ಟ ಚಿನ್ನದ ಹುಲಿತಲೆಗಳು. ಒಂದಿಡೀ ಸಿಂಹಾಸನವನ್ನು ಸಾವಿರಾರು ಜನಕ್ಕೆ ಹೇಗೆ ಹಂಚ್ತೀರಿ? ಒಡೆದರು. ಬಿಡಿಸಿದರು. ತುಂಡು ತುಂಡಾಗಿ ಮಾರಿದರು. ಇಡಿಯಾಗಿ ಇಂಗ್ಲೆಂಡಿನ ರಾಜನಿಗೆ ಕಳಿಸಬೇಕು ಅಂತಿದ್ದ ಗವರ್ನರ್ ಜನರಲ್, ಅಂದ್ರೆ ಆರ್ಥರ್‌ನ ಅಣ್ಣ ರಿಚರ್ಡ್ ವೆಲ್ಲೆಸ್ಲಿ, ಸುದ್ದಿ ತಿಳಿದು ಬೇಜಾರು ಮಾಡಿಕೊಂಡ. ಅಷ್ಟು ಹೊತ್ತಿಗೆ ಕೆಲಸ ಮುಗಿದಿತ್ತು.

ಹುಮಾ ಪಕ್ಷಿಯೂ ದೊಡ್ಡ ಹುಲಿಯ ತಲೆಯೂ ಕೊನೆಗೆ ಬ್ರಿಟಿಷ್ ರಾಜಮನೆತನದ ಸಂಗ್ರಹ ಸೇರಿದವು. ಒಂದು ಪುಟ್ಟ ಹುಲಿತಲೆ ವೇಲ್ಸ್‌ನ ಪೊವಿಸ್ ಕೋಟೆಯಲ್ಲಿದೆ. ಉಳಿದ ಕೆಲವು ಯಾರ್ಯಾರದೋ ಮನೆಯ ಬೀರು ಸೇರಿ ಇನ್ನೂರು ವರ್ಷ ಕಾದವು. ಅಟ್ಟದ ಕೊಬ್ಬರಿ ಹಾಗೆ. 2009ರಲ್ಲಿ ಲಂಡನ್ನಿನ ಬೋನಮ್ಸ್ ಹರಾಜಿನಲ್ಲಿ ಒಂದು ಹುಲಿತಲೆ ಸುಮಾರು 3 ಲಕ್ಷ 90 ಸಾವಿರ ಪೌಂಡ್‌ಗೆ ಹೋಯಿತು. ಮರುವರ್ಷ ಇನ್ನೊಂದು 4 ಲಕ್ಷ 34 ಸಾವಿರಕ್ಕೆ. 2021ರಲ್ಲಿ ಇಂಥದೊಂದು ಹುಲಿತಲೆ ದೇಶ ಬಿಟ್ಟು ಹೋಗದಂತೆ ಬ್ರಿಟನ್ ಸರ್ಕಾರ ತಾತ್ಕಾಲಿಕ ತಡೆ ಹಾಕಿತು, ಆಗ ಅದರ ಬೆಲೆ 15 ಲಕ್ಷ ಪೌಂಡ್ ಅಂತ ಕಟ್ಟಲಾಗಿತ್ತು. 2023ರ ಮೇ 23ರಂದು ಬೋನಮ್ಸ್‌ನಲ್ಲೇ ಟಿಪ್ಪುವಿನ ಮಲಗುವ ಕೋಣೆಯ ಕತ್ತಿ 1 ಕೋಟಿ 40 ಲಕ್ಷ ಪೌಂಡ್‌ಗೆ ಮಾರಾಟವಾಯಿತು. ನಮ್ಮ ಲೆಕ್ಕದಲ್ಲಿ 140 ಕೋಟಿ ರೂಪಾಯಿಗೂ ಹೆಚ್ಚು.

ಇಲ್ಲೊಂದು ಸೂಕ್ಷ್ಮ ಇದೆ. ಒಳ್ಳೆಯ ಉಕ್ಕಿನ ಹಳೆ ಕತ್ತಿಗಳು ಜಗತ್ತಿನಲ್ಲಿ ಬೇಕಾದಷ್ಟಿವೆ. ಈ ಕತ್ತಿಗೆ ಆ ಬೆಲೆ ಬಂದದ್ದು ಅದರ ಜೊತೆ ಬಂದ ಕಾಗದಪತ್ರದಿಂದ. ಕೋಟೆಗೆ ನುಗ್ಗಿದ ಪಡೆಯನ್ನು ನಡೆಸಿದ್ದ ಡೇವಿಡ್ ಬೇರ್ಡ್‌ಗೆ ಸೈನ್ಯ ಇದನ್ನು ಉಡುಗೊರೆಯಾಗಿ ಕೊಟ್ಟಿತ್ತು. ಈ ಬೇರ್ಡ್ ಅದೇ ಶ್ರೀರಂಗಪಟ್ಟಣದಲ್ಲಿ ಹಿಂದೆ ವರ್ಷಗಟ್ಟಲೆ ಸೆರೆಯಲ್ಲಿದ್ದವನು. ಯಾರು ತೆಗೆದುಕೊಂಡರು, ಯಾರಿಗೆ ಕೊಟ್ಟರು ಅನ್ನೋದಕ್ಕೆ ಎಳೆ ತಪ್ಪದ ದಾಖಲೆ. ಬೇರೆ ಮಾತಲ್ಲಿ ಹೇಳೋದಾದ್ರೆ, ಲೂಟಿಯ ರಸೀದಿಯೇ ಇವತ್ತಿನ ಬೆಲೆಯ ದೊಡ್ಡ ಭಾಗ. ನನಗೆ ಇದು ನುಂಗೋಕೆ ಕಷ್ಟವಾಗೋ ಮಾತು. ಆದ್ರೆ ಮಾರುಕಟ್ಟೆ ಹಾಗೇ ನಡೆಯೋದು.

ಈಗ ಡೆನ್ಮಾರ್ಕ್. ಬಿಲುಂಡ್ ಅನ್ನೋ ಪುಟ್ಟ ಊರು. ಓಲೆ ಕಿರ್ಕ್ ಕ್ರಿಸ್ಟಿಯಾನ್ಸೆನ್ ಅಂತ ಒಬ್ಬ ಬಡಗಿ. 1932ರಲ್ಲಿ, ಆರ್ಥಿಕ ಕುಸಿತದ ಕಾಲದಲ್ಲಿ, ಮನೆ ಕಟ್ಟಿಸೋರು ಇಲ್ಲದೆ ಮರದ ಆಟಿಕೆ ಮಾಡೋಕೆ ಕೂತ. ಎಲ್ಲೋ ಕೇಳಿದ ಹಾಗಿದೆ ಅಲ್ವಾ? ನಮ್ಮ ಚನ್ನಪಟ್ಟಣದ ಕುಶಲಕರ್ಮಿಯ ಕತೆಯೇ. 1934ರಲ್ಲಿ ‘ಚೆನ್ನಾಗಿ ಆಡು’ ಅನ್ನೋ ಅರ್ಥದ ಎರಡು ಡೇನಿಶ್ ಪದ ಸೇರಿಸಿ ಲೆಗೋ ಅಂತ ಹೆಸರಿಟ್ಟ. ಆಮೇಲೆ ಪ್ಲಾಸ್ಟಿಕ್ ಬಂತು. 1958ರ ಜನವರಿ 28ರಂದು, ಒಂದಕ್ಕೊಂದು ಟಕ್ ಅಂತ ಕಚ್ಚಿಕೊಳ್ಳೋ ಇಟ್ಟಿಗೆಗೆ ಪೇಟೆಂಟ್ ಅರ್ಜಿ ಹಾಕಿದರು. 1960ರಲ್ಲಿ ಮರದ ಆಟಿಕೆಯ ಗೋದಾಮು ಸುಟ್ಟು ಹೋಯಿತು. ಕಂಪನಿ ಮರದ ಕೆಲಸವನ್ನೇ ಬಿಟ್ಟಿತು.

1958ರ ಇಟ್ಟಿಗೆ ಇವತ್ತಿನ ಇಟ್ಟಿಗೆಗೂ ಕೂರುತ್ತೆ. ಮರುಮಾರಾಟದ ಬುನಾದಿ ಇದೇ. ಹಳೆ ಮೊಬೈಲ್ ಹಳತಾದಷ್ಟೂ ಕೆಲಸಕ್ಕೆ ಬರಲ್ಲ, ಚಾರ್ಜರ್ ಪಿನ್ನೇ ಬೇರೆ. ಹಳೆ ಲೆಗೋ ಹಳತಾಗಲ್ಲ. ನಿಮ್ಮಲ್ಲಿ ಕೆಲವರ ಅಪ್ಪಂದಿರು ‘ಮೆಕ್ಯಾನಿಕ್ಸ್’ ಸೆಟ್‌ನಲ್ಲಿ ನಟ್ಟು ಬೋಲ್ಟು ತಿರುಗಿಸಿ ಕ್ರೇನ್ ಮಾಡಿರ್ತಾರೆ. ಅದರ ಮೂಲವಾದ ಮೆಕ್ಕಾನೋವನ್ನು ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ 1901ರಲ್ಲೇ ಪೇಟೆಂಟ್ ಮಾಡಿಸಿದ್ದ. ಅದಕ್ಕೂ ಸಂಗ್ರಾಹಕರಿದ್ದಾರೆ. ಆದ್ರೆ ಲೆಗೋ ಬೇರೆ ದಾರಿ ಹಿಡಿಯಿತು. ಪ್ರತಿ ಸೆಟ್‌ಗೆ ಒಂದು ನಂಬರ್, ಒಂದು ಪುಸ್ತಿಕೆ, ಎಷ್ಟು ತುಂಡು ಅನ್ನೋ ಲೆಕ್ಕ, ಆಮೇಲೆ ಎರಡು ಮೂರು ವರ್ಷಕ್ಕೆ ನಿವೃತ್ತಿ. ಅಭಿಮಾನಿಗಳು ನಿಜಕ್ಕೂ ‘ರಿಟೈರ್ ಆಯ್ತು’ ಅಂತಲೇ ಅನ್ನೋದು. 1999ರಿಂದ ಸ್ಟಾರ್ ವಾರ್ಸ್ ಸೆಟ್‌ಗಳು ಬಂದ ಮೇಲೆ, ಚಿಕ್ಕವರಿದ್ದಾಗ ಕೊಡಿಸಿಕೊಳ್ಳಲಾಗದೆ ಬೆಳೆದು ದುಡಿಯೋಕೆ ಶುರು ಮಾಡಿದ ದೊಡ್ಡವರೇ ಗಿರಾಕಿಗಳಾದರು. ಸಂಬಳ ಇರೋ ಮಕ್ಕಳು ಅನ್ನಿ.

ಹರಾಜು ಕೂಗೋಕೆ ಜಾಗ ಬೇಕಲ್ಲ, ಅದು ಸಿಕ್ಕಿದ್ದು 1995ರಲ್ಲಿ. ಪಿಯರ್ ಒಮಿಡ್ಯಾರ್ ಅನ್ನೋ ಪ್ರೋಗ್ರಾಮರ್ ‘ಆಕ್ಷನ್‌ವೆಬ್’ ಅಂತ ಶುರು ಮಾಡಿದ್ದೇ ಆಮೇಲೆ ಇಬೇ ಆಯ್ತು. ಅಲ್ಲಿ ಮಾರಾಟವಾದ ಮೊದಲ ವಸ್ತು ಕೆಟ್ಟು ಹೋದ ಒಂದು ಲೇಸರ್ ಪಾಯಿಂಟರ್, ಬೆಲೆ 14.83 ಡಾಲರ್. ಕೆಟ್ಟದ್ದನ್ನೂ ಕೊಳ್ಳೋನು ಜಗತ್ತಿನಲ್ಲಿ ಎಲ್ಲೋ ಒಬ್ಬ ಇರ್ತಾನೆ, ಅವನನ್ನು ಮುಟ್ಟಿದರೆ ಸಾಕು. ಇಬೇ ಬೆಳೆದದ್ದು ಈ ಬಲದ ಮೇಲೆ, ಜೊತೆಗೆ ಒಂದು ಆಟಿಕೆಯ ಬೆನ್ನೇರಿ. ಬೀನಿ ಬೇಬಿ ಅನ್ನೋ ಪುಟ್ಟ ಬಟ್ಟೆ ಬೊಂಬೆಗಳು. ಟೈ ಅನ್ನೋ ಕಂಪನಿ ಒಂದೊಂದೇ ಬೊಂಬೆಯನ್ನು ‘ಇನ್ನು ಮಾಡಲ್ಲ’ ಅಂತ ನಿಲ್ಲಿಸ್ತಿತ್ತು, ಜನ ಹುಚ್ಚೆದ್ದು ಕೊಳ್ತಿದ್ದರು. 1990ರ ದಶಕದ ಕೊನೆಯಲ್ಲಿ ಇಬೇ ವ್ಯಾಪಾರದ ಸುಮಾರು ಹತ್ತರಲ್ಲೊಂದು ಪಾಲು ಇವೇ ಇದ್ದವು. 1999ರಲ್ಲಿ ಲಾಸ್ ವೇಗಸ್‌ನಲ್ಲಿ ವಿಚ್ಛೇದನ ಪಡೆದ ದಂಪತಿ, ಕೋರ್ಟ್ ಹಾಲ್‌ನ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಬೊಂಬೆಗಳನ್ನು ನಿನಗೊಂದು ನನಗೊಂದು ಅಂತ ಪಾಲು ಮಾಡಿಕೊಳ್ಳುತ್ತಿರೋ ಫೋಟೋ ಇದೆ, ಹುಡುಕಿ ನೋಡಿ. ಹೊಲ ಪಾಲಾಗೋದು ನೋಡಿದೀವಿ, ಇದು ಹೊಸದು. ಕೆಲವೇ ವರ್ಷದಲ್ಲಿ ಅವುಗಳ ಬೆಲೆ ಕುಸಿಯಿತು. ಯಾಕೆ? ಎಲ್ಲರೂ ಇಟ್ಟುಕೊಂಡಿದ್ದರು. ಯಾರೂ ಕಳೆದುಕೊಂಡಿರಲಿಲ್ಲ, ಯಾವ ಮಗುವೂ ಹರಿದಿರಲಿಲ್ಲ. ಎಲ್ಲರ ಅಟ್ಟದಲ್ಲೂ ಅದೇ ಕೊಬ್ಬರಿ ಇದ್ದರೆ ತಿಪಟೂರಲ್ಲಿ ಏನಾಗುತ್ತೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ.

ಲೆಗೋ ವ್ಯಾಪಾರಕ್ಕೆ ಇನ್ನೊಂದು ಮಾರುಕಟ್ಟೆಯೂ ಹುಟ್ಟಿತು, ಬ್ರಿಕ್‌ಲಿಂಕ್. 2000ದಲ್ಲಿ ಒಬ್ಬ ಲೆಗೋ ಪ್ರಿಯ ಶುರು ಮಾಡಿದ್ದು, 2019ರಲ್ಲಿ ಲೆಗೋ ಕಂಪನಿಯೇ ಕೊಂಡುಕೊಂಡಿತು. ಇಲ್ಲಿ ಇಡೀ ಸೆಟ್ ಜೊತೆಗೆ ಬಿಡಿ ತುಂಡುಗಳನ್ನೂ ಮಾರ್ತಾರೆ. ಒಂದು ಸೆಟ್ ಕೊಂಡು, ಒಡೆದು, ಬಣ್ಣ ಬಣ್ಣ ಬೇರೆ ಮಾಡಿ, ಪುಟ್ಟ ಮನುಷ್ಯ ಬೊಂಬೆಗಳನ್ನು ಒಂದು ಕಡೆ, ಅಪರೂಪದ ಬಾಗಿಲನ್ನು ಇನ್ನೊಂದು ಕಡೆ ಇಟ್ಟು ಮಾರಿದರೆ, ಎಷ್ಟೋ ಸಲ ಇಡೀ ಸೆಟ್‌ಗಿಂತ ಹೆಚ್ಚು ಹುಟ್ಟುತ್ತೆ. ಯಾಕಂದ್ರೆ ಇನ್ನೊಬ್ಬನ ಸೆಟ್‌ನಲ್ಲಿ ಆ ಒಂದೇ ತುಂಡು ಕಳೆದಿರುತ್ತೆ. ಅವನಿಗೆ ಅದು ಬೇಕೇ ಬೇಕು.

ಶ್ರೀರಂಗಪಟ್ಟಣದ ಪ್ರೈಜ್ ಏಜೆಂಟರು ಮಾಡಿದ್ದೂ ಬಿಡಿಸಿ ಮಾರೋ ಕೆಲಸವೇ. ಆದ್ರೆ ಲೆಗೋ ಸೆಟ್‌ನ ಪುಸ್ತಿಕೆ ಇದ್ದರೆ ನಾಳೆ ಮತ್ತೆ ಕೂರಿಸಬಹುದು. ಸಿಂಹಾಸನಕ್ಕೆ ಪುಸ್ತಿಕೆ ಇಲ್ಲ. ಚಿನ್ನದ ತಗಡು ಎಂದೋ ಕರಗಿತು. ಅರಮನೆಯನ್ನೂ ಬಿಡಿಸಿದರು ಅನ್ನೋದು ನಿಮಗೆ ಗೊತ್ತಾ? ಟಿಪ್ಪುವಿನ ಲಾಲ್ ಮಹಲ್‌ನ ಮರದ ತೊಲೆಗಳು ಘಟ್ಟ ಹತ್ತಿ ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚಿಗೆ ಹೋದವು. ಊಟಿ ಟ್ರಿಪ್‌ಗೆ ಹೋದಾಗ ತಲೆ ಎತ್ತಿ ಚಾವಣಿ ನೋಡಿ. ಇತ್ತ ರಂಗನಾಥಸ್ವಾಮಿ ಗುಡಿಯ ಹತ್ತಿರ ಆ ಅರಮನೆ ನಿಂತಿದ್ದ ಜಾಗದಲ್ಲಿ ಈಗ ಅಡಿಪಾಯದ ಕಲ್ಲು, ಹುಲ್ಲು.

ನಮ್ಮ ದೇಶದ ಮಟ್ಟಿಗೆ ಆನ್‌ಲೈನ್ ಹರಾಜಿನ ಕತೆ ಚಿಕ್ಕದು. 2000ದಲ್ಲಿ ಬಾಝೀ ಡಾಟ್ ಕಾಮ್ ಬಂತು. 2004ರಲ್ಲಿ ಇಬೇ ಅದನ್ನು ಕೊಂಡಿತು. 2017ರಲ್ಲಿ ಇಬೇಯ ಭಾರತದ ವ್ಯಾಪಾರ ಬೆಂಗಳೂರಿನ ಫ್ಲಿಪ್‌ಕಾರ್ಟ್ ಕೈಗೆ ಹೋಯಿತು, 2018ರಲ್ಲಿ ಬಾಗಿಲು ಹಾಕಿತು. ಈಗ ಇಲ್ಲಿ ಇಂಥ ಡಬ್ಬಗಳು ಕೈ ಬದಲಾಯಿಸೋದು ಹೆಚ್ಚಾಗಿ ಓಎಲ್‌ಎಕ್ಸ್‌ನಲ್ಲಿ, ಫೇಸ್‌ಬುಕ್, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ. ಅಲ್ಲಿ ಹರಾಜಿನ ಸವಾಲು ಇಲ್ಲ, ಚೌಕಾಸಿ ಇದೆ. ಅದರ ಮೇಲೆ ಸುಂಕ. ಆಮದು ಆಟಿಕೆಯ ಮೇಲಿನ ಸುಂಕವನ್ನು ಕೇಂದ್ರ 2020ರಲ್ಲಿ ಶೇಕಡ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿಸಿತು. ಅಂದ್ರೆ ಇಲ್ಲಿ ಕೊಳ್ಳೋನು ಮೆಟ್ಟಿಲ ಕೆಳಗಿಂದ ಶುರು ಮಾಡಲ್ಲ, ಅರ್ಧ ಮೆಟ್ಟಿಲು ಹತ್ತಿ ಅಲ್ಲಿಂದ ಕೊಳ್ತಾನೆ. ಮಾರುವಾಗ ಮಾತ್ರ ಅಮೆರಿಕದವನ ಬೆಲೆ ಜೊತೆ ಪೈಪೋಟಿ.

ಈಗ ಆ ‘ಚಿನ್ನಕ್ಕಿಂತ ಹೆಚ್ಚು’ ಅನ್ನೋ ಮಾತಿಗೆ ಬರೋಣ. ಅದು ಹುಟ್ಟಿದ್ದು ಮಾಸ್ಕೋದ ಹೈಯರ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಇಬ್ಬರು ಸಂಶೋಧಕಿಯರ ಅಧ್ಯಯನದಿಂದ. 1987ರಿಂದ 2015ರವರೆಗಿನ 2,322 ಸೆಟ್‌ಗಳ ಬೆಲೆ ನೋಡಿ, ಬಿಚ್ಚದ ಸೆಟ್‌ಗಳು ಸರಾಸರಿ ವರ್ಷಕ್ಕೆ ಶೇಕಡ 11ರ ಹತ್ತಿರ ಬೆಳೆದಿವೆ ಅಂದರು. ಅಧ್ಯಯನ ಗಟ್ಟಿಯಾದದ್ದೇ. ಸುದ್ದಿಯವರು ಆ 11 ಹಿಡಿದು ಓಡಿದರು. ಅದೇ ಅಧ್ಯಯನದಲ್ಲಿ ವರ್ಷಕ್ಕೆ ಅರ್ಧಕ್ಕರ್ಧ ಬೆಲೆ ಕಳೆದುಕೊಂಡ ಸೆಟ್‌ಗಳೂ ಇವೆ, 600 ಪಟ್ಟಿಗೆ, ಅಲ್ಲ, ಶೇಕಡ 600 ಏರಿದವೂ ಇವೆ ಅನ್ನೋದನ್ನು ಯಾರೂ ಫಾರ್ವರ್ಡ್ ಮಾಡಲಿಲ್ಲ. ಬೆಲೆ ಏರೋದು ಸಾಮಾನ್ಯವಾಗಿ ಸೆಟ್ ನಿಂತ ಎರಡು ಮೂರು ವರ್ಷದ ಮೇಲೆ ಅನ್ನೋದನ್ನೂ.

ನೀವೇ ಲೆಕ್ಕ ಹಾಕಿ. 10,000 ರೂಪಾಯಿ ಶೇಕಡ 11ರಂತೆ ಹತ್ತು ವರ್ಷಕ್ಕೆ 28,000 ಚಿಲ್ಲರೆ. ಬ್ಯಾಂಕಿನಲ್ಲಿ ಶೇಕಡ 7ರಂತೆ ಇಟ್ಟಿದ್ರೆ 19,600 ಚಿಲ್ಲರೆ. ವ್ಯತ್ಯಾಸ ಎಂಟೂವರೆ ಸಾವಿರದ ಹತ್ತಿರ. ಈಗ ಆ 28,000ದಲ್ಲಿ ಹರಾಜು ಸೈಟಿನ ಕಮಿಷನ್ ನೂರಕ್ಕೆ ಹತ್ತಕ್ಕಿಂತ ಮೇಲೆ ಕಳೀರಿ. ಕೊರಿಯರ್ ಕಳೀರಿ. ಹತ್ತು ವರ್ಷ ಆ ಡಬ್ಬವನ್ನು ಮೂಲೆ ಜಜ್ಜದಂತೆ, ಬಿಸಿಲು ಬೀಳದಂತೆ, ನೀರು ಸೋರದಂತೆ, ಅಕ್ಕನ ಮಕ್ಕಳ ಕೈಗೆ ಸಿಗದಂತೆ ಇಡಬೇಕು. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಇರೋರು ಎಷ್ಟು ಮನೆ ಬದಲಾಯಿಸ್ತೀರಿ ಹತ್ತು ವರ್ಷದಲ್ಲಿ? ಒಂದು ಮೂಲೆ ಜಜ್ಜಿದರೂ ಕೊಳ್ಳೋನು ಫೋಟೋ ದೊಡ್ಡದು ಮಾಡಿ ತೋರಿಸಿ ಬೆಲೆ ಇಳಿಸ್ತಾನೆ. ಆ ಎಂಟೂವರೆ ಸಾವಿರ ನಿಮ್ಮ ಕೂಲಿ ಅನ್ನಿ, ಬಡ್ಡಿ ಅನ್ನಬೇಡಿ.

ಎಲ್ಲಕ್ಕಿಂತ ದೊಡ್ಡ ಹೊಡೆತ ಮೊದಲು ಹೇಳಿದ ತಾಜ್ ಮಹಲ್‌ನದ್ದು. ಹಳೆ ಡಬ್ಬ ಸಾವಿರಾರು ಡಾಲರ್‌ನಲ್ಲಿ ಓಡ್ತಿದ್ದಾಗಲೇ, 2017ರ ಕೊನೆಯಲ್ಲಿ ಲೆಗೋ ಅದನ್ನೇ ಮತ್ತೆ ಹೊರತಂದಿತು. ಹೊಸ ನಂಬರ್ 10256. ತುಂಡು 5,923, ಹಳೆಯದಕ್ಕಿಂತ ಒಂದೇ ಒಂದು ಹೆಚ್ಚು. ಬೆಲೆ 370 ಡಾಲರ್. ಏಳು ವರ್ಷ ಕಾದು ಕೂತಿದ್ದೋರ ಡಬ್ಬದ ಬೆಲೆ ಜರ್ ಅಂತ ಇಳೀತು. ಯಾರದೂ ತಪ್ಪಲ್ಲ. ಅಚ್ಚು ಯಾರ ಕೈಲಿದೆಯೋ ಅವರು ಮತ್ತೆ ಮಾಡಬಹುದು. ಟಿಪ್ಪುವಿನ ಹುಲಿತಲೆಗೆ ಈ ಭಯ ಇಲ್ಲ, ಯಾರೂ 1799ನ್ನು ಮರುಮುದ್ರಣ ಮಾಡಲಾರರು. ಲೆಗೋ ಡಬ್ಬ ಇಟ್ಟುಕೊಂಡವನು ಮಾತ್ರ ಎಲ್ಲೋ ಬಿಲುಂಡ್‌ನ ಒಂದು ಮೀಟಿಂಗ್ ರೂಮಿನ ಮರ್ಜಿಯಲ್ಲಿ ಬದುಕ್ತಿರ್ತಾನೆ. ನನ್ನ ಅಭಿಪ್ರಾಯ ಕೇಳ್ತೀರಾದ್ರೆ, ಇಷ್ಟ ಇದ್ರೆ ಕೊಳ್ಳಿ, ಬಿಚ್ಚಿ, ಕಟ್ಟಿ. ಪುಸ್ತಿಕೆ, ಡಬ್ಬ ಜೋಪಾನ ಮಾಡಿ. ಬೇಜಾರಾದಾಗ ಮಾರಿದ್ರೆ ಹಾಕಿದ್ದರಲ್ಲಿ ಒಂದು ಪಾಲು ಬಂದೇ ಬರುತ್ತೆ, ಆಡಿದ್ದು ಲಾಭ. ಉಳಿತಾಯದ ದುಡ್ಡು ಇದರಲ್ಲಿ ಹಾಕಬೇಡಿ, ಸಾಲ ಮಾಡಿ ಅಂತೂ ಬೇಡವೇ ಬೇಡ.

ಹರಾಜಿಗೇ ಬರದ ಒಂದು ಆಟಿಕೆಯ ಕತೆ ಹೇಳದೆ ಹೋದ್ರೆ ಶ್ರೀರಂಗಪಟ್ಟಣದವರು ನನ್ನನ್ನು ಬಿಡಲ್ಲ. ಟಿಪ್ಪುವಿನ ಹುಲಿ. ಹೆಚ್ಚೂಕಡಿಮೆ ನಿಜ ಗಾತ್ರದ ಮರದ ಹುಲಿ ಒಬ್ಬ ಯುರೋಪಿಯನ್ ಸಿಪಾಯಿಯ ಮೇಲೆ ಎರಗಿರುತ್ತೆ, ಹಿಡಿಕೆ ತಿರುಗಿಸಿದ್ರೆ ಬಿದ್ದವನ ಕೈ ಮೇಲೆ ಕೆಳಗೆ ಆಡುತ್ತೆ, ನರಳೋ ಸದ್ದು, ಹುಲಿಯ ಗರ್ಜನೆ. ಹೊಟ್ಟೆಯೊಳಗೆ ಒಂದು ಪುಟ್ಟ ಆರ್ಗನ್. ದೊಡ್ಡವರ ಆಟಿಕೆ ಅಂದ್ರೆ ಇದೇ. 1799ರಲ್ಲಿ ಸಿಕ್ಕಿದ ಇದನ್ನು ಲಂಡನ್ನಿಗೆ ಸಾಗಿಸಿ, 1808ರಿಂದ ಈಸ್ಟ್ ಇಂಡಿಯಾ ಹೌಸ್‌ನಲ್ಲಿ ಜನರ ನೋಟಕ್ಕಿಟ್ಟರು. ಬಂದವರೆಲ್ಲ ಹಿಡಿಕೆ ತಿರುಗಿಸಿ ತಿರುಗಿಸಿ, ಪಕ್ಕದ ಲೈಬ್ರರಿಯಲ್ಲಿ ಓದ್ತಾ ಕೂತ ವಿದ್ವಾಂಸರಿಗೆ ತಲೆನೋವು ತಂದರು. 1880ರಲ್ಲಿ ಈಗಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂ ಸೇರಿತು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಬಾಂಬಿಗೆ ಚಾವಣಿ ಕುಸಿದು ಹುಲಿ ನೂರಾರು ಚೂರಾಯಿತು. ಕೂತು ಚೂರು ಚೂರು ಜೋಡಿಸಿದರು, 1947ರ ಹೊತ್ತಿಗೆ ಮತ್ತೆ ನಿಂತಿತ್ತು. ಅದಕ್ಕೊಂದು ಮ್ಯೂಸಿಯಂ ನಂಬರ್ ಇದೆ, 2545. ಮುರಿದದ್ದು, ಜೋಡಿಸಿದ್ದು ಎಲ್ಲಕ್ಕೂ ದಾಖಲೆ ಇದೆ. ಆ ಮರ ಕೆತ್ತಿದ ಮೈಸೂರು ಸೀಮೆಯ ಕೈ ಯಾರದು ಅನ್ನೋದಕ್ಕೆ ಒಂದು ಹೆಸರಿಲ್ಲ.

ಇದು ನನ್ನನ್ನು ಚನ್ನಪಟ್ಟಣಕ್ಕೆ ತರುತ್ತೆ. ಆಲೆ ಮರ, ಅರಗಿನ ಬಣ್ಣ, ತಿರುಗೋ ಪಟ್ಟಡೆ, ಗರಿಯಲ್ಲಿ ಉಜ್ಜಿ ತರೋ ಹೊಳಪು. ಜಿಐ ಟ್ಯಾಗ್ ಇದೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಊರನ್ನು ಬಳಸಿಕೊಂಡು ಹೋಗುತ್ತೆ, ಹಳೆ ರಸ್ತೆ ಬದಿಯ ಬೊಂಬೆ ಅಂಗಡಿಗಳಿಗೆ ದಾರಿಹೋಕ ಗಿರಾಕಿಗಳೇ ಕಡಿಮೆಯಾದರು. ನಲವತ್ತು ವರ್ಷದ ಹಿಂದಿನ ಒಂದು ಚನ್ನಪಟ್ಟಣದ ಕುದುರೆ, ನಲವತ್ತು ವರ್ಷದ ಹಿಂದಿನ ಒಂದು ಲೆಗೋ ಕೋಟೆ, ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಒಂದು ಕೈಯಿಂದ ಕಡೆದದ್ದು, ಅದರ ಹಾಗೆ ಇನ್ನೊಂದಿಲ್ಲ. ಇನ್ನೊಂದು ಮೆಷಿನ್‌ನಲ್ಲಿ ಲಕ್ಷಗಟ್ಟಲೆ ಬಂದದ್ದು. ಅಪರೂಪವೇ ಬೆಲೆ ಆಗಿದ್ರೆ ಕುದುರೆ ಗೆಲ್ಲಬೇಕಿತ್ತು. ಗೆಲ್ಲಲ್ಲ. ಲೆಗೋ ಕೋಟೆಗೆ ನಂಬರ್ ಇದೆ, ವರ್ಷ ಇದೆ, ಯಾವ ತುಂಡು ಕಳೆದಿದೆ ಅಂತ ನೋಡೋ ಪಟ್ಟಿ ಇದೆ. ಕುದುರೆಯ ಹೊಟ್ಟೆ ಕೆಳಗೆ ತಿರುಗಿಸಿ ನೋಡಿದ್ರೆ ಬರೀ ಮರ. ಹರಾಜಿನಲ್ಲಿ ಅದನ್ನು ಏನಂತ ಕೂಗೋದು? ‘ಹಳೆ ಮರದ ಕುದುರೆ, ಒಂದು’ ಅಂತ. ಅಷ್ಟೇ.

ನಮ್ಮ ಬಿಂಡಿಗನವಿಲೆಯಿಂದ ಹೋದವರು ಒಂದಕ್ಷರದಲ್ಲಿ ಊರನ್ನು ಹೊತ್ತುಕೊಂಡು ಹೋದರು ಅಂದೆನಲ್ಲ, ಚನ್ನಪಟ್ಟಣದ ಬೊಂಬೆಗೆ ಆ ಒಂದಕ್ಷರವೂ ಇಲ್ಲ. ಮನೆಯಲ್ಲಿ ದಸರಾ ಬೊಂಬೆ ಕೂರಿಸೋ ಅಜ್ಜಿಯರನ್ನು ಕೇಳಿ. ಈ ಪಟ್ಟದ ಗೊಂಬೆ ನನ್ನ ಮದುವೆಗೆ ತವರಿನಿಂದ ಬಂದದ್ದು, ಆ ಶೆಟ್ಟಿ ಮೈಸೂರಿನಲ್ಲಿ ಕೊಂಡದ್ದು ಅಂತ ಒಂದೊಂದರದ್ದೂ ಹೇಳ್ತಾರೆ. ಮಾಡಿದವರು ಯಾರು ಅಂದ್ರೆ ಅವರಿಗೂ ಗೊತ್ತಿಲ್ಲ. ಅಜ್ಜಿ ಹೋದ ಮೇಲೆ ಉಳಿದದ್ದೂ ಹೋಗುತ್ತೆ.

ಮರುಮಾರಾಟದ ದುಡ್ಡು ಮೂಲದ ಕುಶಲಕರ್ಮಿಗೆ ನೇರವಾಗಿ ಹೋಗಲ್ಲ, ನಿಜ. ಲೆಗೋ ಡಬ್ಬ ಹತ್ತು ಪಟ್ಟಿಗೆ ಮಾರಿದ್ರೂ ಕಂಪನಿಗೆ ಅದರಿಂದ ಒಂದು ಪೈಸೆ ಬರಲ್ಲ. ಆದ್ರೆ ಹಳೆಯದಕ್ಕೆ ಬೆಲೆ ಇದೆ ಅನ್ನೋ ಸುದ್ದಿಯಿಂದ ಹೊಸದಕ್ಕೆ ಗಿರಾಕಿ ಬರ್ತಾರೆ, ಕಂಪನಿ ಅದರ ಮೇಲೆ ಬದುಕುತ್ತೆ. ಚನ್ನಪಟ್ಟಣದಲ್ಲಿ ಪಟ್ಟಡೆ ಮುಂದೆ ಕೂತವನಿಗೆ ಆ ದಾರಿಯೂ ಇಲ್ಲ. ಅವನು ಇವತ್ತು ಮಾಡಿದ್ದು ಇವತ್ತೇ ಹೋಗಬೇಕು, ರೇಷ್ಮೆ ಗೂಡಿನ ಹಾಗೆ.

ಮುಂದಿನ ಸಲ ಮೈಸೂರಿಗೆ ಹೋಗುವಾಗ ಎಕ್ಸ್‌ಪ್ರೆಸ್‌ವೇ ಇಳಿದು ಚನ್ನಪಟ್ಟಣದ ಒಳಗೆ ಹೋಗಿ. ಬೊಂಬೆ ಮಾಡೋ ಜಾಗದಲ್ಲೇ ಕೊಳ್ಳಿ. ಮಾಡಿದವರ ಹತ್ತಿರವೇ ಬುಡದಲ್ಲಿ ಪೆನ್ಸಿಲ್ ಹಿಡಿಸಿ ಹೆಸರು, ಊರು, ತಾರೀಖು ಬರೆಸಿಕೊಳ್ಳಿ. ನಾಚಿಕೊಳ್ತಾರೆ, ಒತ್ತಾಯ ಮಾಡಿ. ಮನೆಯಲ್ಲಿ ಹಳೆ ಬೊಂಬೆ ಇದ್ರೆ, ಅಜ್ಜಿ ಹೇಳೋದನ್ನು ಫೋನಲ್ಲಿ ರೆಕಾರ್ಡ್ ಮಾಡಿ, ಒಂದು ಚೀಟಿಯಲ್ಲಿ ಬರೆದು ಬೊಂಬೆ ಜೊತೆ ಡಬ್ಬದೊಳಗೆ ಹಾಕಿ. ಫೋಟೋ ತೆಗೆದು ನಮಗೂ ಕಳಿಸಿ. ಮುಂದಿನ ವಾರ ಸಿಗೋಣ.